ಅಬ್ಬಾ ಹೊಳೆಯಿಂದ ದೂರ ಕಟ್ಟಿಸಿದ ಊರುಗಳು

ನಾನು ಮಲಗಿದ್ದಾಗ ನೋಡಲಿಕ್ಕೆ ಬಂದವರು ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿ ಹೋದರು. ಒಬ್ಬರು ಬಿಸಿ ಎಣ್ಣೆ ತಿಕ್ಕಿಸು ಅಂದರು. ಇನ್ನೊಬ್ಬರು ಆಡಿನ ಕಾಲಿನ ಸೂಪು ಕುಡಿ ಅಂದರು. ಮತ್ತೊಬ್ಬರು ಮಾತೇ ಆಡದೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಹೋದರು, ಮನೆ ತುಂಬ ಕೆಮ್ಮು. ಟ್ಯಾಬಿನಲ್ಲಿ ಊರು ಕಟ್ಟುತ್ತಾ ಕೂರು ಅಂತ ಮಾತ್ರ ಯಾರೂ ಹೇಳಲಿಲ್ಲ. ಔಷಧಿ ಕೊಟ್ಟದ್ದು ಡಾಕ್ಟರು, ಕೈಕಾಲು ಆಡಿಸಿದ್ದು ಫಿಸಿಯೋ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಎಂಟು ತಿಂಗಳು ಹುಚ್ಚು ಹಿಡಿಯದೆ ಹೇಗೆ ಕಳೆದೆ ಅಂತ ಕೇಳಿದರೆ ನಾನು ಆ ಊರುಗಳ ಕತೆಯನ್ನೇ ಹೇಳಬೇಕು.

ನನ್ನ ಹೆಸರು ನಸೀಮಾ. ಎನ್.ಆರ್.ಪುರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಹೊಲಿಯುತ್ತಿದ್ದೆ ಅಂತ ಬರೆಯಬೇಕೋ ಏನೋ ಅಂತ ಒಂದು ಕಾಲದಲ್ಲಿ ಅಳುತ್ತಿದ್ದೆ, ಈಗ ಧೈರ್ಯವಾಗಿ ಹೊಲಿಯುತ್ತೇನೆ ಅಂತಲೇ ಬರೆಯುತ್ತೇನೆ. ನಮ್ಮ ಮನೆಯವರು ರಫೀಕ್, ಶೃಂಗೇರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರು. ಮಗಳು ಅಫ್ರೀನ್, ಒಂಬತ್ತನೇ ಕ್ಲಾಸು. ನನ್ನ ಅಮ್ಮಿ ತೀರಿಕೊಂಡ ಮೇಲೆ ನನ್ನ ತಂದೆ, ಅಬ್ಬಾ, ನಮ್ಮ ಜೊತೆಗೇ ಇದ್ದಾರೆ. ಎಪ್ಪತ್ತು ದಾಟಿದೆ, ಇಡೀ ಆಯುಷ್ಯ ಸೈಕಲ್ ರಿಪೇರಿ ಮಾಡಿದವರು. ಮನೆಯಲ್ಲಿ ನಾವು ಆಡುವುದು ಉರ್ದು. ನನಗೆ ಬರೆಯಲಿಕ್ಕೆ ಬರುವುದು ಕನ್ನಡ, ಹಾಗಾಗಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಹಾಕುತ್ತೇನೆ.

ಶುರುವಾದದ್ದು ಹೊಟ್ಟೆ ಕೆಟ್ಟದ್ದರಿಂದ. ಎರಡು ದಿನ ಒದ್ದಾಡಿ ಸರಿ ಹೋಯಿತು. ಅದಾಗಿ ವಾರಕ್ಕೆ ಪಾದ ಜುಮ್ಮೆನ್ನತೊಡಗಿತು. ದಿನವಿಡೀ ಮೆಶಿನ್ ತುಳಿಯುವವಳಿಗೆ ಅದೇನು ಹೊಸದಾ? ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತೆ. ಮರುದಿನ ಕೈಯಿಂದ ಸೂಜಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಕತ್ತರಿ ಹಿಡಿದರೆ ಬೇರೆ ಯಾರದೋ ಕೈಯಲ್ಲಿ ಹಿಡಿದ ಹಾಗೆ. ಅದೇ ಹೊತ್ತಿಗೆ ಅಬ್ಬಾ ತಮ್ಮ ಬಿಳಿ ಅಂಗಿ ಹಿಡಿದುಕೊಂಡು ಬಂದರು. ಎದೆಯ ಹತ್ತಿರದ ಗುಂಡಿ ಕಿತ್ತು ಹೋಗಿತ್ತು.

"ಶುಕ್ರವಾರಕ್ಕೆ ಬೇಕು ಮಗಾ."

"ನಾಳೆ ಹಾಕ್ತೀನಿ ಅಬ್ಬಾ. ಇವತ್ತು ಬೆರಳು ಮಾತು ಕೇಳ್ತಿಲ್ಲ" ಅಂದೆ. ಗುಂಡಿಯನ್ನು ಮೆಶಿನ್ನಿನ ಡ್ರಾಯರಿನಲ್ಲಿ ಹಾಕಿದೆ.

ಮಾರನೇ ದಿನ ಬಚ್ಚಲಲ್ಲಿ ಕೂತವಳು ಏಳಲಿಕ್ಕಾಗಲಿಲ್ಲ. ಕೂಗಿದರೆ ರಫೀಕ್ ಬಂದು ಎತ್ತಿದರು, ಕಾಲು ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಅವತ್ತು ಅವರು ಬಸ್ಸನ್ನು ಬೇರೆಯವರಿಗೆ ಕೊಟ್ಟು ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಕೊಪ್ಪಕ್ಕೆ ಹೋದರು. ಅಲ್ಲಿನ ಡಾಕ್ಟರು ಸಣ್ಣ ಸುತ್ತಿಗೆಯಲ್ಲಿ ಮಂಡಿಗೆ ಬಡಿದರು. ಮಂಡಿ ಅಲುಗಲಿಲ್ಲ. ಇನ್ನೊಂದಕ್ಕೆ ಬಡಿದರು, ಅದೂ ಇಲ್ಲ. ಅವರು ಸುತ್ತಿಗೆ ಕೆಳಗಿಟ್ಟು, "ಬಟ್ಟೆ ಗಿಟ್ಟೆ ಅಂತ ಮನೆಗೆ ಹೋಗಬೇಡಿ. ಇಲ್ಲಿಂದ ಸೀದಾ ಶಿವಮೊಗ್ಗ" ಅಂದರು.

ಜಿಬಿಎಸ್ ಅಂತ ಆ ಕಾಯಿಲೆಯ ಹೆಸರು. ಅದು ಏನು ಎತ್ತ ಅಂತ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ, ನಾನು ಬರೆಯುವುದಿಲ್ಲ. ನನ್ನ ಮೈಯೇ ನನ್ನ ನರಗಳ ಮೇಲೆ ಜಗಳಕ್ಕೆ ಹೋಗಿದೆ ಅಂತ ಡಾಕ್ಟರು ಹೇಳಿದ್ದು ಅರ್ಥವಾಯಿತು, ಅಷ್ಟು ಸಾಕು. ಸೋಲು ಕಾಲಿನಿಂದ ಶುರುವಾಗಿ ಮೇಲೆ ಮೇಲೆ ಬರುತ್ತಿತ್ತು. ಎದೆಗೆ ಬಂದರೆ ಉಸಿರಾಟಕ್ಕೆ ಮೆಶಿನ್ ಹಾಕಬೇಕು. ಅದಕ್ಕೇ ನರ್ಸು ಗಳಿಗೆಗೊಮ್ಮೆ ಬಂದು, "ಒಂದೇ ಉಸಿರಲ್ಲಿ ಎಣಿಸಿ ಅಕ್ಕ" ಅನ್ನುತ್ತಿದ್ದಳು. ಮೊದಲ ದಿನ ಮೂವತ್ತರ ತನಕ ಎಣಿಸಿದೆ. ಮರುದಿನ ಇಪ್ಪತ್ತೆರಡು. ಆಮೇಲೆ ಹದಿನೈದು. ಬಾಗಿಲ ಆಚೆ ನಿಂತ ಅಬ್ಬಾ ನನ್ನ ಜೊತೆಗೇ ಎಣಿಸುತ್ತಿದ್ದರು. ನನ್ನದು ಹದಿನೈದಕ್ಕೆ ನಿಂತರೆ ಅವರು ಹದಿನಾರು, ಹದಿನೇಳು ಅಂತ ಮುಂದುವರಿಸುತ್ತಿದ್ದರು, ಉಳಿದದ್ದನ್ನು ತಾವು ಎಣಿಸಿಕೊಟ್ಟರೆ ಆದೀತು ಅನ್ನುವ ಹಾಗೆ. ನನಗೆ ನಗು ಬಂತು. ಮುಖದ ಒಂದು ಪಕ್ಕ ಸತ್ತು ಹೋಗಿದ್ದರಿಂದ ನಕ್ಕದ್ದು ಯಾರಿಗೂ ಕಾಣಲಿಲ್ಲ.

ಘಾಟಿಯಲ್ಲಿ ಅಷ್ಟು ದೊಡ್ಡ ಬಸ್ಸು ತಿರುಗಿಸುವ ರಫೀಕ್‌ಗೆ ಆಸ್ಪತ್ರೆಯ ಫಾರಂ ಮೇಲೆ ಸಹಿ ಎಲ್ಲಿ ಹಾಕಬೇಕು ಅಂತ ನರ್ಸು ಬೆರಳಿಟ್ಟು ತೋರಿಸಬೇಕಾಯಿತು. ಐದು ದಿನ ರಕ್ತನಾಳಕ್ಕೆ ಔಷಧಿ ಹನಿಹನಿ ಇಳಿಸಿದರು. ಅಲ್ಲಿನ ಆಯಾ ಒಬ್ಬಳು, ಹೆಸರೂ ಕೇಳಲಿಲ್ಲ ನಾನು, ತನ್ನ ಪಾಡಿಗೆ ಬಂದು ನನ್ನ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಹೆಣೆದು ಹೋದಳು. ಅವಳ ಬೆರಳಿನ ಚುರುಕು ನೋಡಿ ಹೊಟ್ಟೆಕಿಚ್ಚಾಯಿತು. ನಿಜ ಹೇಳುತ್ತಿದ್ದೇನೆ, ಕೃತಜ್ಞತೆಗಿಂತ ಮುಂಚೆ ಬಂದದ್ದು ಹೊಟ್ಟೆಕಿಚ್ಚು.

ಅಲ್ಲಾನ ದಯೆ, ಎಣಿಕೆ ಹನ್ನೆರಡಕ್ಕೆ ಇಳಿದು ಅಲ್ಲಿಗೇ ನಿಂತಿತು. ಆಮೇಲೆ ಒಂದೊಂದಾಗಿ ಏರಿತು. ಉಸಿರಾಟದ ಮೆಶಿನ್ ಬೇಕಾಗಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರ ಹತ್ತಿರ ಒಂದೇ ಒಂದು ಕೇಳಿದೆ.

"ಹೊಲಿಯೋಕಾಗುತ್ತಾ ಡಾಕ್ಟ್ರೇ?"

"ನಡೀತೀರಿ, ಅದು ಖಂಡಿತ. ನರ ಮತ್ತೆ ಬೆಳೆಯುತ್ತೆ, ಆದರೆ ದಿನಕ್ಕೆ ಎಳ್ಳುಕಾಳಿನಷ್ಟೇ ಬೆಳೆಯೋದು. ಬೆರಳಿನ ಸಣ್ಣ ಕೆಲಸ..." ಅಂತ ನಿಲ್ಲಿಸಿ, "ಕಾದು ನೋಡೋಣಮ್ಮ" ಅಂದರು.

ನಡೆಯದಿದ್ದರೆ ಕುರ್ಚಿಯಲ್ಲಿ ಕೂತಾದರೂ ಹೊಲಿಯಬಹುದಿತ್ತು. ಕೈ ಬರದಿದ್ದರೆ ನಡೆದುಕೊಂಡು ಎಲ್ಲಿಗೆ ಹೋಗಲಿ? ಹದಿನಾರನೇ ವರ್ಷದಿಂದ ನಾನು ಅಂದರೆ ನನ್ನ ಈ ಎರಡು ಬೆರಳು. ಮುತ್ತಿನಕೊಪ್ಪದಿಂದ ಬಾಳೆಹೊನ್ನೂರಿನ ತನಕ ಎಷ್ಟು ಮದುವಣಗಿತ್ತಿಯರ ಬೆನ್ನಿನ ಅಳತೆ ನನ್ನ ಬಾಯಲ್ಲಿದೆ ಗೊತ್ತಾ? ಕಾರಿನಲ್ಲಿ ವಾಪಸು ಬರುವಾಗ ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ನೋಡುತ್ತಲೇ ಬಂದೆ.

ಮನೆಯಲ್ಲಿ ಎದುರಿನ ಕೋಣೆಗೇ ಮಂಚ ಹಾಕಿದರು. ಮೆಶಿನ್ನಿಗೆ ಅಫ್ರೀನ್ ಚಾದರ ಹೊದಿಸಿದ್ದಳು, ಕಂಡರೆ ನನಗೆ ಬೇಜಾರಾಗುತ್ತದೆ ಅಂತ. ಚಾದರ ಹೊದ್ದ ಮೆಶಿನ್ ಇನ್ನೂ ಬೇಜಾರು. ಅಬ್ಬಾ ಬಂದು ಪಕ್ಕ ಕೂತರು. ಅದೇ ಬಿಳಿ ಅಂಗಿ, ಗುಂಡಿಯ ಜಾಗದಲ್ಲಿ ಸೇಫ್ಟಿ ಪಿನ್ನು.

"ಎದುರಿನ ಅಂಗಡಿಯವರ ಹತ್ರ ಹಾಕಿಸ್ಕೊಳ್ಳಿ ಅಬ್ಬಾ" ಅಂದೆ.

"ಯಾಕೆ? ನಮ್ಮನೇಲಿ ಟೈಲರ್ ಇದಾಳೆ" ಅಂದರು. ಮೂದಲಿಕೆಯೂ ಇಲ್ಲ, ಸಮಾಧಾನವೂ ಇಲ್ಲ, ಇವತ್ತು ಸೋಮವಾರ ಅಂದ ಹಾಗೆ ಅಂದರು.

ಆ ಮೊದಲ ತಿಂಗಳು ನಾನು ಒಳ್ಳೆಯವಳಾಗಿರಲಿಲ್ಲ. ಗಂಜಿ ಬಿಸಿಯಾದರೂ ಬೈದೆ, ತಣ್ಣಗಾದರೂ ಬೈದೆ. ಮುತ್ತಿನಕೊಪ್ಪದ ಜಲಜಕ್ಕ, ನನ್ನ ಹಳೇ ಗಿರಾಕಿ, ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದರು. "ಬ್ಲೌಸ್ ಕೇಳೋಕೆ ಬಂದದ್ದಲ್ಲ ಮಾರಾಯ್ತಿ, ನಿನ್ನ ನೋಡೋಕೆ ಬಂದದ್ದು" ಅನ್ನುತ್ತಲೇ ಕಣ್ಣು ಮಾತ್ರ ಮದುವೆಗೆ ಅಂತ ಅವರು ಕೊಟ್ಟು ಹೋಗಿದ್ದ, ಮೂಲೆಯಲ್ಲಿದ್ದ ಬಟ್ಟೆಯ ಚೀಲದ ಕಡೆ. "ಒಂದು ತೋಳು ಆಗಿದೆ ಜಲಜಕ್ಕ, ಒಂದೇ ತೋಳಲ್ಲಿ ಮದುವೆಗೆ ಹೋಗ್ತೀರಾ?" ಅಂದುಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು, ಚೀಲ ಮುಟ್ಟದೆ ಹೋದರು. "ಇರ್ಲಿ, ನೀನೇ ಹೊಲಿ" ಅಂತ ಬಾಗಿಲಲ್ಲಿ ಹೇಳಿ ಹೋದರು.

ಹೊತ್ತು ಹೋಗಲಿ ಅಂತ ಅಫ್ರೀನ್ ತನ್ನ ಹಳೇ ಟ್ಯಾಬನ್ನು ದಿಂಬಿಗೆ ಒರಗಿಸಿಟ್ಟು ಒಂದೊಂದೇ ಆಟ ಹಾಕಿಕೊಟ್ಟಳು. ಒಂದರಲ್ಲಿ ಮಿಠಾಯಿ ಉದುರುತ್ತಿತ್ತು, ಇನ್ನೊಂದರಲ್ಲಿ ಯಾರೋ ಓಡುತ್ತಿದ್ದ. ನಾನು ಎಡಗೈ ಬೆರಳನ್ನು ಎತ್ತಿ ಗಾಜಿನ ಮೇಲೆ ಇಡುವಷ್ಟರಲ್ಲಿ ಓಡುವವನು ಸತ್ತು ಬಿದ್ದಿರುತ್ತಿದ್ದ. "ತೆಗಿ ಇದನ್ನ! ಎಲ್ಲಕ್ಕೂ ಅವಸರ. ಜಗತ್ತಿನಲ್ಲಿ ನನಗೊಬ್ಬಳಿಗೇ ನಿಧಾನ" ಅಂತ ಕಿರುಚಿದೆ. ಪಾಪದ ಕೂಸು, ಟ್ಯಾಬ್ ಎತ್ತಿಕೊಂಡು ಹೋಯಿತು.

ಎರಡು ದಿನ ಬಿಟ್ಟು ಮತ್ತೆ ಬಂದಳು.

"ಅಮ್ಮಿ, ಇದು ಕಾಯುತ್ತೆ."

"ಏನು ಕಾಯುತ್ತೆ?"

"ಆಟ. ನಿಮ್ಮ ಸರದಿ ಬಂದ್ರೆ ನೀವು ಆಡೋ ತನಕ ಸುಮ್ನೆ ಇರುತ್ತೆ. ನಾಳೆ ಆಡಿದ್ರೂ ನಡೆಯುತ್ತೆ."

ನಂಬಲಿಲ್ಲ ನಾನು. ಪರೀಕ್ಷೆ ಮಾಡೋಣ ಅಂತ, ಬೆಳಿಗ್ಗೆ ರಫೀಕ್ ಬಸ್ಸು ನಮ್ಮ ಮನೆ ದಾಟುವಾಗ ಎರಡು ಸಲ ಹಾರ್ನ್ ಹೊಡೆಯುತ್ತಾರಲ್ಲ, ಆಗ ಶುರು ಮಾಡಿ ಏನೂ ಒತ್ತದೆ ಕೂತೆ. ಊಟ ಆಯಿತು, ನಿದ್ದೆ ಆಯಿತು. ಎದ್ದು ನೋಡಿದರೆ ಪರದೆ ಹಾಗೇ ಇದೆ, ಕೆಳಗೆ 'ನಿಮ್ಮ ಸರದಿ' ಅನ್ನುವ ಅರ್ಥದ ಇಂಗ್ಲಿಷು ಮಿಣುಕುತ್ತಿದೆ. ಕಾಯಿಲೆ ಬಂದ ಮೇಲೆ ನನಗಾಗಿ ಮುಖ ಸಿಂಡರಿಸದೆ, ಅಯ್ಯೋ ಪಾಪ ಅನ್ನದೆ ಕಾದದ್ದು ಅದೊಂದೇ. ಕಣ್ಣಲ್ಲಿ ನೀರು ಬಂತು.

ಆಟ ಸುಲಭ. ಚೌಕಾಬಾರದ ಹಾಗೆ ನೆಲವೆಲ್ಲ ಮನೆ ಮನೆ, ಆರು ಮೂಲೆಯ ಮನೆಗಳು. ಮೊದಲಿಗೆ ನಿಮ್ಮ ಹತ್ತಿರ ಗಂಟುಮೂಟೆ ಹೊತ್ತ ನಾಲ್ಕು ಜನ ಇರುತ್ತಾರೆ. ಅವರನ್ನು ಎಲ್ಲಾದರೂ ಕೂರಿಸಿದರೆ ಅಲ್ಲಿ ಊರು. ಊರಿಗೆ ನೀರು, ದವಸ ಸಿಕ್ಕರೆ ಜನ ಹೆಚ್ಚುತ್ತಾರೆ, ಊರಿನ ಗಡಿ ಒಂದೊಂದೇ ಮನೆಯಾಗಿ ಅಗಲವಾಗುತ್ತದೆ. ಜನ ಹೆಚ್ಚಾದಾಗ ಮತ್ತೆ ನಾಲ್ಕು ಜನರನ್ನು ಗಂಟು ಕಟ್ಟಿಸಿ ಹೊಸ ಊರು ಕಟ್ಟಲು ಕಳಿಸಬೇಕು. ಕಳಿಸಿದಾಗ ಹಳೇ ಊರು ಅಷ್ಟು ಸಣ್ಣದಾಗುತ್ತದೆ. ಗಡಿ ಬೆಳೆಯುವುದನ್ನು ನೋಡುವಾಗೆಲ್ಲ ಡಾಕ್ಟರ ಎಳ್ಳುಕಾಳಿನ ಮಾತು ನೆನಪಾಗುತ್ತಿತ್ತು.

ಮೂರನೇ ದಿನ ಅಬ್ಬಾ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಇವರು ಯಾರು?"

"ಸೆಟ್ಲರ್ ಅಂತೆ."

"ಒಕ್ಕಲು ಅನ್ನು" ಅಂದರು ಅಬ್ಬಾ. ಹೊಸ ಜಾಗಕ್ಕೆ ಹೋಗಿ ಬೇರೂರುವ ಸಂಸಾರಕ್ಕೆ ನಮ್ಮ ಕಡೆ ಒಕ್ಕಲು ಅಂತಲೇ ಹೇಳುವುದು. ಅಲ್ಲಿಂದ ನಮ್ಮ ಮನೆಯಲ್ಲಿ ಸೆಟ್ಲರ್ ಮಾತು ನಿಂತಿತು.

ಮೊದಲ ಒಕ್ಕಲನ್ನು ನಾನು ಒಂಟಿಯಾಗಿ ಕಳಿಸಿದೆ. ಕಾಡಿನ ಅಂಚಿನಲ್ಲಿ ದರೋಡೆಕೋರರು ಬಂದು ಹೊತ್ತುಕೊಂಡು ಹೋದರು. ಅಬ್ಬಾಗೆ ಬಂದ ಕೋಪ ನೋಡಬೇಕಿತ್ತು. "ಹೆಂಗಸು ಮಕ್ಕಳನ್ನ ಕಟ್ಟಿಕೊಂಡು ಹೋಗೋರನ್ನ ಹೀಗೆ ಕಳಿಸ್ತಾರಾ? ಜೊತೆಗೊಬ್ಬ ಗಟ್ಟಿ ಆಳು ಬೇಡ್ವಾ?" ಅಂತ ನನ್ನ ಮೇಲೆ ಹರಿಹಾಯ್ದರು. ಕಾಯಿಲೆ ಬಂದ ಮೇಲೆ ನನಗೆ ಯಾರೂ ಬೈದಿರಲಿಲ್ಲ. ಎಷ್ಟು ಹಿತವಾಯಿತು ಅಂದರೆ, ಇನ್ನೂ ಸ್ವಲ್ಪ ಬೈಯಲಿ ಅನ್ನಿಸಿತು.

ಆವತ್ತಿನಿಂದ ಅಬ್ಬಾ ಯಜಮಾನರು, ನಾನು ಬೆರಳು. ಅವರದ್ದು ಒಂದೇ ಕಾನೂನು: ಹೊಳೆ ಪಕ್ಕ ಊರು ಕಟ್ಟಬಾರದು. ನೀಲಿ ಗೆರೆ ಕಂಡರೆ ಸಾಕು, ಮೂರು ನಾಲ್ಕು ಮನೆ ಆಚೆ, ಗುಡ್ಡದ ಮೇಲೆ ಹತ್ತಿಸಿ ಕೂರಿಸುತ್ತಿದ್ದರು. ಆಟದಲ್ಲಿ ಹೊಳೆ ಪಕ್ಕದ ಊರೇ ಬೆಳೆಯುವುದು. ನಮ್ಮ ಊರುಗಳು ನಾಲ್ಕೇ ಜನಕ್ಕೆ ನಿಂತು ಬಾಯಾರಿ ಕೂತಿದ್ದವು. ಟ್ಯಾಬ್ ತಾನೇ ಆಡಿಸುವ ಪಕ್ಕದ ರಾಜನ ಊರು ಹನ್ನೆರಡು ಜನ ಆಗಿ, ಗಡಿ ಉಬ್ಬಿ ನಮ್ಮ ಬೇಲಿಗೆ ಬಂದಿತ್ತು.

"ನಾನಾ, ನೀರಿಲ್ಲದೆ ಜನ ಹೆಚ್ಚಾಗಲ್ಲ" ಅಂತ ಅಫ್ರೀನ್ ತಲೆ ಚಚ್ಚಿಕೊಂಡಳು. ತಾಯಿಯ ತಂದೆಗೆ ನಾವು ನಾನಾ ಅನ್ನುವುದು.

"ಹೆಚ್ಚಾಗೋದು ಬೇಡ ಮಗಾ. ಇದ್ದವರು ಉಳಿದ್ರೆ ಸಾಕು."

ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಬ್ಬಾ ಎಂಟು ವರ್ಷದ ಹುಡುಗನಾಗಿದ್ದಾಗ ಅವರ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತು. ಕಡವಿನಬೈಲು ಅಂತ ಹೆಸರು. ಹೊಳೆ ದಂಡೆಯಲ್ಲೇ ಇದ್ದ ಊರು. ಅದರ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ, ಅಮ್ಮಿ ಗುಟ್ಟಾಗಿ ಹೇಳಿದ್ದಷ್ಟೇ. ಹಿನ್ನೀರು ನೋಡಲಿಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಇಲ್ಲೇ ಇರುವ ಅಬ್ಬಾ ಆ ದಾರಿಗೇ ಹೋಗುವುದಿಲ್ಲ. ಹಿನ್ನೀರಿನ ಮೀನು ನಮ್ಮ ಮನೆಯೊಳಗೆ ಬಂದದ್ದಿಲ್ಲ. ಎನ್.ಆರ್.ಪುರದಲ್ಲಿದ್ದುಕೊಂಡು ಹಿನ್ನೀರಿನ ಮೀನು ತಿನ್ನದ ಸಾಬರ ಮನೆ ನಮ್ಮದೊಂದೇ ಇರಬೇಕು.

ಹಾಗಾಗಿ ನಾನೂ ವಾದ ಮಾಡಲಿಲ್ಲ. ಒಣಗಿದ ಊರುಗಳನ್ನೇ ನೋಡಿಕೊಂಡು ಇಬ್ಬರೂ ಸುಖವಾಗಿದ್ದೆವು.

ಎರಡನೇ ತಿಂಗಳಿಂದ ವಾರಕ್ಕೆ ಮೂರು ದಿನ ಕೊಪ್ಪಕ್ಕೆ ಫಿಸಿಯೋಗೆ ಹೋಗುವುದಾಯಿತು. ರಫೀಕ್ ನನ್ನನ್ನು ಎತ್ತಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಹದಿನೇಳು ವರ್ಷದ ಸಂಸಾರದಲ್ಲಿ ನಾನು ಅವರು ಕೆಲಸ ಮಾಡುವುದನ್ನು ಕೂತು ನೋಡಿದ್ದು ಅದೇ ಮೊದಲು. ರಸ್ತೆಯಲ್ಲಿ ಗುಂಡಿ ಬಂದ ಕಡೆಯಲ್ಲೆಲ್ಲ ಬಸ್ಸನ್ನು ತೊಟ್ಟಿಲು ತೂಗಿದ ಹಾಗೆ ಇಳಿಸುತ್ತಿದ್ದರು. ಹಿಂದಿನಿಂದ ಯಾರೋ, "ಏನು ಮಾರಾಯ, ಇವತ್ತು ದಿಬ್ಬಣದ ಬಸ್ಸಾ?" ಅಂತ ಕೂಗಿದರು. "ಹೌದು, ಹೆಂಡತಿ ದಿಬ್ಬಣ" ಅಂದರು ರಫೀಕ್. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿದೆ.

ಕಾಲು ಬಂತು. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ಗೋಡೆ ಹಿಡಿದು ನಡೆದೆ, ಆಮೇಲೆ ಗೋಡೆ ಬಿಟ್ಟು ನಡೆದೆ. ಮುಖ ಬಂತು, ಎಡಗೈ ಬಂತು. ಬಲಗೈ ಮಾತ್ರ ಹಟ ಹಿಡಿದು ಕೂತಿತ್ತು. ಮೇಡಂ ಮೇಜಿನ ಮೇಲೆ ಹುಣಸೆ ಬೀಜ ಹರಡಿ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕಿ ಅನ್ನುತ್ತಿದ್ದರು. ಹೆಬ್ಬೆರಳು ಮತ್ತು ತೋರುಬೆರಳ ತುದಿ ಕೂಡುತ್ತಲೇ ಇರಲಿಲ್ಲ. ಐದನೇ ತಿಂಗಳು ಮುಗಿಯಿತು, ಆರನೆಯದು ಬಂತು, ಬೀಜ ಮೇಜಿನ ಮೇಲೇ ಇತ್ತು. ಒಂದು ದಿನ ಮೇಡಂ ನನ್ನ ಮುಖ ನೋಡದೆ, "ಇನ್ನೂ ಕಾಯೋಣ ನಸೀಮಾ" ಅಂದರು. ಮುಖ ನೋಡದೆ ಹೇಳಿದರಲ್ಲ, ಅಲ್ಲಿಗೆ ನನ್ನ ಜೀವ ಹಾರಿ ಹೋಯಿತು.

ಮನೆಗೆ ಬಂದವಳೇ ರಫೀಕ್‌ಗೆ, "ಮೆಶಿನ್ ಮಾರಿಬಿಡಿ. ಜಲಜಕ್ಕನ ಚೀಲವನ್ನೂ ಕಳಿಸಿಬಿಡಿ" ಅಂದೆ. ಅವರು ನನ್ನ ಕಾಲಿನ ಪಟ್ಟಿ ಬಿಚ್ಚಿದರು. ಒಳಗಿನಿಂದ ಅಬ್ಬಾ ಕೇಳಿಸಿಕೊಂಡಿದ್ದರು ಅಂತ ನನಗೆ ಗೊತ್ತಾಗಲಿಲ್ಲ.

ಮರುದಿನ ನಾನು ಟ್ಯಾಬ್ ಮುಟ್ಟಲಿಲ್ಲ. ಅಬ್ಬಾ ತಾವೇ ಅದನ್ನು ಎತ್ತಿಕೊಂಡು ಬಂದು ನನ್ನ ಮುಂದಿಟ್ಟರು.

"ಒಂದು ಒಕ್ಕಲು ತಯಾರಾಗಿ ನಿಂತಿದೆಯಲ್ಲ. ಅದನ್ನ ಹೊಳೆ ಪಕ್ಕ ಕೂರಿಸು."

ನಾನು ಅವರ ಮುಖ ನೋಡಿದೆ. "ನೀವೇ ಬೇಡ ಅಂತಿದ್ರಿ ಅಬ್ಬಾ."

"ಹೆದರಿಕೆಗೆ ಅಂತಿದ್ದೆ. ಹೆದರ್ಕೊಂಡು ದೂರ ಕಟ್ಟಿದ ಊರು ನೋಡಿದ್ಯಲ್ಲ, ಮೂರೂ ಒಣಗಿ ಹೋಗಿವೆ." ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ನೀನು ಮೆಶಿನ್ ಮಾರ್ತೀನಿ ಅಂದದ್ದೂ ಹೆದರಿಕೆಗೇ. ಕೈ ಬರಲ್ಲ ಅಂತ ಯಾರೂ ಹೇಳಿಲ್ಲ ನಿಂಗೆ. ನಾನು ನಂದು ಬಿಡ್ತೀನಿ, ನೀನು ನಿಂದು ಬಿಡು."

ಅರವತ್ತು ವರ್ಷಕ್ಕೂ ಮೀರಿದ ಹೆದರಿಕೆಯನ್ನು ಅವರು ನನಗಾಗಿ ಕೆಳಗಿಟ್ಟರು. ಗಂಟುಮೂಟೆಯ ನಾಲ್ವರನ್ನು, ಜೊತೆಗೆ ಗಟ್ಟಿ ಆಳೊಬ್ಬನನ್ನು ಕೊಟ್ಟು, ನೀಲಿ ಗೆರೆಗೆ ತಾಗಿಸಿ ಕೂರಿಸಿದೆ. ಊರಿಗೆ ಹೆಸರು ಬರೆಯುವ ಜಾಗ ತೆರೆದುಕೊಂಡಿತು. ಎಡಗೈ ಎತ್ತಿದೆ.

"ಬಲಗೈಯಲ್ಲಿ ಬರಿ" ಅಂದರು ಅಬ್ಬಾ.

"ಏನಂತ?"

"ಕಡವಿನಬೈಲು ಅಂತ."

ಅವರ ಬಾಯಿಂದ ಆ ಹೆಸರು ಕೇಳಿದ್ದು ನನ್ನ ನಲವತ್ತು ವರ್ಷದಲ್ಲಿ ಅದೇ ಮೊದಲು. ತೋರುಬೆರಳು ಗಾಜಿನ ಮೇಲೆ ಜಾರುತ್ತಿತ್ತು. ಒಂದು ಅಕ್ಷರಕ್ಕೆ ಗುರಿ ಇಟ್ಟರೆ ಪಕ್ಕದ್ದು ಬೀಳುತ್ತಿತ್ತು, ಅಳಿಸಿ ಮತ್ತೆ ಒತ್ತುತ್ತಿದ್ದೆ. ಮೊಣಕೈ ನೋಯುತ್ತಿತ್ತು. ನಾನು ಬರೆಯುತ್ತಿದ್ದಂತೆ ಅಬ್ಬಾ ಮಾತಾಡಲು ಶುರು ಮಾಡಿದರು. ದೋಣಿ ಕಟ್ಟುತ್ತಿದ್ದ ಹಲಸಿನ ಮರ. ಮಸೀದಿಯ ಮೂರು ಮೆಟ್ಟಿಲು ಹೊಳೆಗೇ ಇಳಿಯುತ್ತಿದ್ದದ್ದು. ಲಾರಿಗೆ ಸಾಮಾನು ಏರಿಸುವಾಗ ಅವರ ಅಮ್ಮ ಬೀಸುವ ಕಲ್ಲಿನ ಮೇಲಿನ ಭಾಗ ಮಾತ್ರ ಏರಿಸಿ ಕೆಳಗಿನದು ಮರೆತದ್ದು, ಆಮೇಲೆ ಸಾಯುವ ತನಕ ಅದನ್ನೇ ಹೇಳಿಕೊಂಡದ್ದು. ರಫೀಕ್ ಬಸ್ಸು ಶೃಂಗೇರಿಯಿಂದ ವಾಪಸು ಬಂದು ಹಾರ್ನ್ ಹೊಡೆದಾಗ ನಾನು ಕೊನೆಯ ಅಕ್ಷರ ಒತ್ತಿದೆ. ಅಬ್ಬಾ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು, ಮತ್ತೊಮ್ಮೆ ಓದಿದರು. ಮೆಶಿನ್ ಮಾರುವ ಮಾತು ಅವತ್ತಿಗೆ ಮುಗಿಯಿತು.

ಕಡವಿನಬೈಲು ಏನು ಬೆಳೆಯಿತು ಅಂತೀರಿ! ನಾಲ್ಕು, ಐದು, ಆರು ಜನ. ಗಡಿ ಹೊಳೆ ದಾಟಿ ಆಚೆ ದಂಡೆಗೂ ಹೋಯಿತು. ಅಬ್ಬಾ ಬೆಳಿಗ್ಗೆ ಚಹಾ ಕುಡಿಯುವ ಮುಂಚೆ, "ಇವತ್ತು ಎಷ್ಟು ಜನ?" ಅಂತ ಕೇಳುತ್ತಿದ್ದರು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ, ನಾನು ಸರದಿ ಮುಗಿಸಿದ ಕೂಡಲೇ ಪರದೆಯಲ್ಲಿ ಹೊಳೆ ಉಬ್ಬಿತು. ಹೊಲ ಮುಚ್ಚಿತು, ಮನೆ ಮುಚ್ಚಿತು. ಆಟದಲ್ಲಿ ನೆರೆಯೂ ಬರುತ್ತದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಬ್ಬಾ ಎದ್ದು ಹೊರಗೆ ಹೋದರು. ಕಿಟಕಿಯಲ್ಲಿ ಕಂಡರು, ಮೆಟ್ಟಿಲ ಮೇಲೆ ಕೂತು ಅಂಗೈಯಲ್ಲಿ ಮೊಣಕಾಲು ಒತ್ತಿ ಹಿಡಿದಿದ್ದರು. ಯಾಕಾದರೂ ಆ ಹೆಸರು ಬರೆದೆನೋ ಅಂತ ನನ್ನ ಕೈಯನ್ನೇ ಶಪಿಸಿದೆ.

ಅಫ್ರೀನ್ ಪರದೆಗೆ ಬಗ್ಗಿದವಳು ಕೂಗಿದಳು. "ನಾನಾ! ಬನ್ನಿ ಇಲ್ಲಿ! ಊರು ಹೋಗಿಲ್ಲ. ನೀರು ಇಳಿದಿದೆ. ಎರಡು ಜನ ಕಮ್ಮಿ ಆಗಿದಾರೆ ಅಷ್ಟೇ, ಊರು ಇದೆ!"

ಅಬ್ಬಾ ಬಾಗಿಲ ತನಕ ಬಂದರು, ಒಳಗೆ ಬರಲಿಲ್ಲ. "ಇದೆಯಾ?"

"ಇದೆ. ಗದ್ದೆ ಮೇಲೆ ಹೊಸ ಮಣ್ಣು ಬಂದಿದೆ, ಮುಂಚಿಗಿಂತ ಹೆಚ್ಚು ಬೆಳೆಯುತ್ತಂತೆ. ಮುರಿದದ್ದನ್ನ ರಿಪೇರಿ ಮಾಡ್ಬೇಕು."

ಅವರು ಬಂದು ನೋಡಿದರು. "ನಮಗೂ ನೀರು ಇಳಿದಿದ್ರೆ..." ಅಂದರು. ಅಮ್ಮಿ ಸತ್ತಾಗಲೂ ಅಳದ ಮನುಷ್ಯ ನನ್ನ ಮಂಚದ ಕೋಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಅಫ್ರೀನ್ ಅವರ ಬೆನ್ನು ಸವರಿದಳು. ರಿಪೇರಿಗೆ ಒತ್ತುವ ಜಾಗ ತೀರಾ ಸಣ್ಣದು, ಕಡಲೆಬೇಳೆಯಷ್ಟು. ನಾನು ಬಲಗೈಯನ್ನೇ ಎತ್ತಿದೆ. ಮೂರನೇ ಸಲಕ್ಕೆ ಸರಿಯಾಗಿ ಅದರ ಮೇಲೇ ಬಿತ್ತು.

ಆ ವಾರ ಅಬ್ಬಾ ಸಂತೆಯಿಂದ ಬರುವಾಗ ಚೀಲದಲ್ಲಿ ಮೀನಿತ್ತು. "ಹಿನ್ನೀರಿಂದು. ಹುಳಿ ಸ್ವಲ್ಪ ಮುಂದೆ ಹಾಕು ಅಂತ ರಫೀಕ್‌ಗೆ ಹೇಳು" ಅಂದರು. ನನ್ನ ಕಾಯಿಲೆಯ ದಿನಗಳಲ್ಲಿ ಅಡಿಗೆ ರಫೀಕರದ್ದೇ. ಹುಳಿ ಮುಂದಾಗಿ ಬಾಯಿಗೆ ಇಡಲಿಕ್ಕಾಗದಂತಿತ್ತು, ಯಾರೂ ತಟ್ಟೆಯಲ್ಲಿ ಉಳಿಸಲಿಲ್ಲ.

ಎಂಟನೇ ತಿಂಗಳಲ್ಲಿ, ಕೊಪ್ಪದ ಆ ಮೇಜಿನ ಮೇಲೆ, ನನ್ನ ಎರಡು ಬೆರಳ ತುದಿ ಕೂಡಿದವು. ಹುಣಸೆ ಬೀಜ ಮೇಲೆದ್ದಿತು, ಬಟ್ಟಲ ತನಕ ಹೋಗದೆ ನಡುವೆ ಬಿತ್ತು. ಮೇಡಂ ಚಪ್ಪಾಳೆ ಹೊಡೆದರು. ನಾನು ಮನೆಗೆ ಬಂದು ಮೆಶಿನ್ನಿನ ಚಾದರ ಎಳೆದು ಡ್ರಾಯರ್ ತೆರೆದೆ. ಗುಂಡಿ ಅಲ್ಲೇ ಇತ್ತು.

"ಅಂಗಿ ಬಿಚ್ಚಿ ಕೊಡಿ ಅಬ್ಬಾ."

ಅವರು ಪಿನ್ನು ತೆಗೆದು, ಅಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲೇ ಎದುರು ಕೂತರು. ಸೂಜಿಗೆ ದಾರ ಪೋಣಿಸಿದ್ದು ಅಫ್ರೀನ್, ಸುಳ್ಳು ಹೇಳುವುದಿಲ್ಲ. ಉಳಿದದ್ದು ನಾನು. ಬೆರಳ ತುದಿಯಲ್ಲಿ ಇನ್ನೂ ಜ್ಞಾನ ಇಲ್ಲ, ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ, ಕಣ್ಣಲ್ಲಿ ನೋಡಿಯೇ ಹಿಡಿಯಬೇಕು. ಸೂಜಿ ಬಿತ್ತು. ಅಫ್ರೀನ್ ಎತ್ತಿಕೊಟ್ಟಳು. ಮತ್ತೆ ಬಿತ್ತು. ಹಿಂದೆ ಒಂದು ಗುಂಡಿಗೆ ನನಗೆ ಎಷ್ಟು ಹೊತ್ತು ಬೇಕಿತ್ತು? ಜಲಜಕ್ಕನ ಒಂದು ಮಾತು ಮುಗಿಯುವಷ್ಟು ಹೊತ್ತು. ಈಗ ಒಂದು ಹೊಲಿಗೆಗೇ ಬೆವರು ಇಳಿಯುತ್ತಿತ್ತು. ಅಬ್ಬಾ ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

"ನೀವು ಆಡ್ತಾ ಇರಿ ಅಬ್ಬಾ, ನಂದು ತಡ ಆಗುತ್ತೆ."

"ಈಗ ನಿನ್ನ ಸರದಿ ಮಗಾ. ಮುಗೀಲಿ" ಅಂದರು.

ಮುಗಿಯಿತು. ಹಾರ್ನ್ ಕೇಳಿಸಿತು, ರಫೀಕ್ ಬಂದರು, ಊಟಕ್ಕೂ ಹೋಗದೆ ನಿಂತು ನೋಡಿದರು. ಗಂಟು ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದೆ. ಗುಂಡಿ ಇರಬೇಕಾದ ಜಾಗಕ್ಕಿಂತ ಅರ್ಧ ಬೆರಳು ಕೆಳಗಿತ್ತು, ವಾರೆಯಾಗಿತ್ತು. ಅಬ್ಬಾ ಹಾಕಿಕೊಂಡರೆ ಎದೆಯ ಹತ್ತಿರ ಅಂಗಿ ಉಬ್ಬಿ ನಿಂತಿತು. ಇಪ್ಪತ್ತನಾಲ್ಕು ವರ್ಷ ಹೊಲಿದವಳ ಕೈಯಿಂದ ಇಂಥ ಕೆಲಸ! ಕಲಿಯಲಿಕ್ಕೆ ಬಂದ ಹುಡುಗಿಯರು ಹೀಗೆ ಹಾಕಿದ್ದರೆ ನಾನು ಬಿಚ್ಚಿಸುತ್ತಿದ್ದೆ.

ಈಗ ಜಲಜಕ್ಕನ ಬ್ಲೌಸಿನ ಎರಡನೇ ತೋಳು ಹೊಲಿಯುತ್ತಿದ್ದೇನೆ. ಮದುವೆ ಮುಗಿದು, ಮದುಮಗಳಿಗೆ ಬಾಣಂತನ ಆಗುವ ಹೊತ್ತಿಗೆ ಮುಗಿಯಬಹುದು. ಇದನ್ನು ಬರೆದದ್ದೂ ಬಲಗೈಯಲ್ಲೇ, ದಿನಕ್ಕೆ ನಾಲ್ಕೈದು ಸಾಲು. ನೀವು ಎಲ್ಲೋ ಮಲಗಿಕೊಂಡು ನಿಮ್ಮ ಕೈಯನ್ನೇ ನೋಡುತ್ತಿದ್ದರೆ, ನಾನೂ ಹಾಗೇ ನೋಡಿದವಳು ಅಂತ ತಿಳಿದುಕೊಳ್ಳಿ.

ಅಬ್ಬಾ ಪ್ರತಿ ಶುಕ್ರವಾರ ಅದೇ ಅಂಗಿ ಹಾಕಿಕೊಂಡು ಮಸೀದಿಗೆ ಹೋಗುತ್ತಾರೆ. ಮೊನ್ನೆ ನನಗೆ ತಡೆಯಲಾಗಲಿಲ್ಲ. "ನಾಲ್ಕು ಜನ ನೋಡಿ ನಗ್ತಾರೆ ಅಬ್ಬಾ. ಈಗ ಕೈ ಸ್ವಲ್ಪ ವಾಸಿ. ಕೊಡಿ, ಬಿಚ್ಚಿ ಸರಿಯಾದ ಜಾಗಕ್ಕೆ ಹಾಕ್ತೀನಿ" ಅಂದೆ.

ಅಬ್ಬಾ ಗುಂಡಿಯ ಮೇಲೆ ಅಂಗೈ ಮುಚ್ಚಿಕೊಂಡರು.

"ಕೂತ ಒಕ್ಕಲನ್ನ ಎಬ್ಬಿಸಬೇಡ ಮಗಾ" ಅಂದು, ಚಪ್ಪಲಿ ಮೆಟ್ಟಿಕೊಂಡು ಹೋದರು.